ಹೊಸ ಬೂಟು ಕಚ್ಚದಂತೆ ಪಳಗಿಸೋದು ಹೇಗೆ? ಕಾಡು, ಗದ್ದೆ, ಕಾರ್ಖಾನೆ, ಪಾದಯಾತ್ರೆಗೆ ಹೋಗೋರಿಗೆ ಪೂರ್ತಿ ಮಾಹಿತಿ

ದಾಂಡೇಲಿ: ದುಡ್ಡು ಕೊಟ್ಟು ಹೊಸ ಬೂಟು ತಂದು, ಎರಡನೇ ದಿನಕ್ಕೇ ಹಿಮ್ಮಡಿ ಸುಲಿದುಕೊಂಡು, ಮೂರನೇ ದಿನ ಮತ್ತೆ ಹವಾಯಿ ಚಪ್ಪಲಿಗೆ ವಾಪಸ್ ಆಗೋರು ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದಲ್ಲಿ ಕಡಿಮೆ ಇಲ್ಲ. ಕಾಗದ ಕಾರ್ಖಾನೆಗೆ ಸೇಫ್ಟಿ ಶೂ ಹಾಕಿ ಹೋಗೋರು, ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಗಸ್ತು ತಿರುಗುವ ಸಿಬ್ಬಂದಿ, ಪ್ರವಾಸಿಗರನ್ನು ಕಾಡಿಗೆ ಕರೆದೊಯ್ಯುವ ಗೈಡ್‌ಗಳು, ಪೊಲೀಸ್ ಮತ್ತು ಅರಣ್ಯ ಇಲಾಖೆ ದೈಹಿಕ ಪರೀಕ್ಷೆಗೆ ಬೆಳಿಗ್ಗೆ ಎದ್ದು ಓಡುವ ಹುಡುಗ ಹುಡುಗಿಯರು, ಉಳವಿಗೆ ನಡೆದು ಹೋಗುವ ಭಕ್ತರು, ಇವರೆಲ್ಲರ ಕೆಲಸ ನಿಂತಿರೋದು ಕಾಲಿನ ಮೇಲೆ. ಕಾಲು ಕೆಟ್ಟರೆ ಕೂಲಿ ಮಾಡೋರಿಗೆ ನಾಲ್ಕು ದಿನದ ಪಗಾರ ಹೋಗುತ್ತೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲ್ಬೆರಳೇ ಹೋಗುವ ಅಪಾಯ ಇರುತ್ತೆ.

ಬೂಟು ಆರಿಸೋದು, ಪಳಗಿಸೋದು, ಬೊಬ್ಬೆ ಬಂದರೆ ಏನು ಮಾಡೋದು, ಮಳೆಗಾಲದಲ್ಲಿ ಕಾಲು ಕಾಪಾಡೋದು ಹೇಗೆ, ಅಂಗಡಿಯವರು ಏನು ಗಮನಿಸಬೇಕು ಅನ್ನೋದನ್ನೆಲ್ಲ ಇಲ್ಲಿ ಒಂದೇ ಕಡೆ ಕೊಟ್ಟಿದ್ದೇವೆ.

ಬೂಟು ಯಾಕೆ ಕಚ್ಚುತ್ತೆ?

ಬೊಬ್ಬೆ ಬರೋದು ಬರೀ ಮೇಲಿನ ತಿಕ್ಕಾಟದಿಂದ ಅಂತ ನಾವು ಅಂದುಕೊಂಡಿರ್ತೀವಿ. ನಿಜ ಏನಂದ್ರೆ, ನಡೆಯುವಾಗ ಒಳಗಿನ ಎಲುಬು ಮುಂದಕ್ಕೆ ಹಿಂದಕ್ಕೆ ಸರಿಯುತ್ತೆ, ಆದರೆ ಹೊರಗಿನ ಚರ್ಮ ಬೂಟಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತೆ. ಹೀಗೆ ಸಾವಿರಾರು ಸಲ ಎಳೆದಾಗ ಚರ್ಮದ ಪದರಗಳು ಒಳಗೇ ಬಿಟ್ಟುಕೊಳ್ಳುತ್ತವೆ, ಆ ಜಾಗದಲ್ಲಿ ನೀರು ತುಂಬುತ್ತೆ. ಅದೇ ಬೊಬ್ಬೆ. ಬೆವರಿದ, ಒದ್ದೆಯಾದ ಕಾಲಿನ ಚರ್ಮ ಇನ್ನೂ ಜಾಸ್ತಿ ಹಿಡಿದುಕೊಳ್ಳುತ್ತೆ, ಮೆತ್ತಗೂ ಆಗಿರುತ್ತೆ. ಅದಕ್ಕೇ ಮಳೆಗಾಲದಲ್ಲಿ, ಹೊಳೆ ದಾಟಿದ ಮೇಲೆ ಬೇಗ ಬೊಬ್ಬೆ ಏಳೋದು.

ಹೊಸ ಬೂಟಿನ ಹಿಂಭಾಗ ಗಟ್ಟಿ. ಅದು ನಿಮ್ಮ ಕಾಲಿನ ಜೊತೆ ಬಾಗೋದಿಲ್ಲ, ಹಿಮ್ಮಡಿ ಒಂದು ಕಡೆ, ಬೂಟು ಒಂದು ಕಡೆ ಹೋಗುತ್ತೆ. ಪಳಗಿಸೋದು ಅಂದ್ರೆ ನಿಮ್ಮ ಕಾಲು ಬಾಗುವ ಜಾಗದಲ್ಲೇ ಬೂಟೂ ಬಾಗೋ ಹಾಗೆ ಮಾಡೋದು, ಅಷ್ಟೇ.

ಒಂದು ಮಾತು ನೆನಪಿಟ್ಟುಕೊಳ್ಳಿ: ಪಳಗಿಸಿದರೆ ಬೂಟು ಮೆತ್ತಗಾಗುತ್ತೆ, ಅಗಲ ಸ್ವಲ್ಪ ಬಿಡಬಹುದು. ಉದ್ದ ಮಾತ್ರ ಬೆಳೆಯೋದಿಲ್ಲ. ಬೆರಳು ಮುಂದೆ ತಾಗುತ್ತಿದ್ದರೆ ಅದನ್ನು ಪಳಗಿಸೋಕೆ ಹೋಗ್ಬೇಡಿ, ಬದಲಾಯಿಸಿ.

ಅಂಗಡಿಯಲ್ಲಿ ಆರಿಸುವಾಗ

- ಸಂಜೆ ಹೋಗಿ. ದಿನವಿಡೀ ನಡೆದು, ನಿಂತು ಪಾದ ಸ್ವಲ್ಪ ಊದಿರುತ್ತೆ. ಬೆಳಿಗ್ಗೆ ಸರಿಯಾಗಿ ಕೂತ ಬೂಟು ಸಂಜೆಗೆ ಬಿಗಿ ಆಗುತ್ತೆ.
- ಹಾಕುವ ಸಾಕ್ಸ್ ತಗೊಂಡೇ ಹೋಗಿ. ತೆಳು ಸಾಕ್ಸ್‌ನಲ್ಲಿ ನೋಡಿ ಆಮೇಲೆ ದಪ್ಪ ಸಾಕ್ಸ್ ಹಾಕಿದರೆ ಲೆಕ್ಕ ತಪ್ಪುತ್ತೆ.
- ಎರಡೂ ಕಾಲಿಗೆ ಹಾಕಿ ನೋಡಿ. ಬಹಳ ಜನರ ಎರಡು ಪಾದ ಒಂದೇ ಅಳತೆ ಇರೋದಿಲ್ಲ. ದೊಡ್ಡ ಪಾದಕ್ಕೆ ಸರಿಯಾಗುವ ನಂಬರ್ ತಗೊಳ್ಳಿ.
- ಒಂದು ಬೆರಳಿನ ಲೆಕ್ಕ. ಲೇಸು ಬಿಚ್ಚಿ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿ. ಹಿಮ್ಮಡಿ ಹಿಂದೆ ನಿಮ್ಮ ತೋರುಬೆರಳು ಹಿಡಿಸಬೇಕು.
- ಒಳಗಿನ ಸೋಲ್ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಆಚೀಚೆ ಹೊರಗೆ ಚೆಲ್ಲಿದರೆ ಆ ಬೂಟು ನಿಮಗೆ ಅಗಲ ಸಾಲದು. ಬರಿಗಾಲಲ್ಲೇ ಬೆಳೆದವರ ಪಾದ ಮುಂದೆ ಅಗಲ ಇರೋದು ಸಾಮಾನ್ಯ. ಇದನ್ನು ನೋಡದೆ ಉದ್ದ ಮಾತ್ರ ಅಳೆದು ತಗೊಂಡರೆ ಕಿರುಬೆರಳು ಸಾಯುತ್ತೆ.
- ಮೆಟ್ಟಿಲು ಇಳಿದು ನೋಡಿ. ಬೂಟಿನ ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. ಇಳಿಯುವಾಗ ಹೆಬ್ಬೆರಳು ಮುಂದೆ ಬಡಿದರೆ, ಸಿಂಥೇರಿ ರಾಕ್ಸ್ ಮೆಟ್ಟಿಲು ಇಳಿಯೋ ಹೊತ್ತಿಗೆ ಉಗುರು ನೀಲಿ ಆಗುತ್ತೆ.

ಹಿಮ್ಮಡಿ ಚೂರು ಮೇಲೇಳೋದು ಹೊಸ ಬೂಟಿನಲ್ಲಿ ಸಹಜ. ಲೇಸು ಬಿಗಿ ಮಾಡಿದ ಮೇಲೂ ಕಾಲು ಜಾರಿ ಜಾರಿ ಬರ್ತಾ ಇದ್ದರೆ ಅದು ದೊಡ್ಡ ಆಗಿದೆ ಅಂತ ಅರ್ಥ. "ಇರ್ಲಿ ಅಣ್ಣಾ, ಒಂದು ನಂಬರ್ ದೊಡ್ಡದೇ ಕೊಡ್ರಿ, ಬಾಳಿಕೆ ಬರ್ತದ" ಅನ್ನೋ ಲೆಕ್ಕ ಮಕ್ಕಳ ಶಾಲೆ ಶೂಗೂ ಒಳ್ಳೇದಲ್ಲ, ಕಾಡಿನ ಬೂಟಿಗಂತೂ ಬೇಡವೇ ಬೇಡ.

ಸೇಫ್ಟಿ ಶೂ ತಗೊಳ್ಳೋರು ಇನ್ನೂ ಹುಷಾರಾಗಿರಬೇಕು. ಮುಂದಿರುವ ಉಕ್ಕಿನ ಟೋಪಿ ಎಷ್ಟು ವರ್ಷ ಹಾಕಿದರೂ ಹಿಗ್ಗೋದಿಲ್ಲ. ಮೊದಲ ದಿನ ಬೆರಳಿಗೆ ತಾಗಿದರೆ ಕೊನೆ ದಿನವೂ ತಾಗುತ್ತೆ.

ಪಳಗಿಸೋದು: ದಿನದ ಲೆಕ್ಕ

ಬೂಟಿನ ಜಾತಿ ನೋಡಿಕೊಂಡು ಸಮಯ ಕೊಡಬೇಕು. ಕ್ಯಾನ್ವಾಸ್ ಅಥವಾ ಜಾಲರಿ ಬಟ್ಟೆಯ ಹಗುರ ಶೂಗೆ ಮೂರು ದಿನದಿಂದ ಒಂದು ವಾರ ಸಾಕು. ದಪ್ಪ ಚರ್ಮದ ಬೂಟಿಗೆ ಮೂರರಿಂದ ನಾಲ್ಕು ವಾರ ಬೇಕು.

ಮೊದಲ ಮೂರು ದಿನ: ಮನೆ ಒಳಗೇ, ಸಂಜೆ ಒಂದು ತಾಸು. ಲೇಸು ಪೂರ್ತಿ ಕಟ್ಟಿ. ಹೊರಗೆ ಹೋಗ್ಬೇಡಿ. ಸೋಲ್‌ಗೆ ಮಣ್ಣು ತಾಗದಿದ್ದರೆ ಸರಿ ಬರದೇ ಹೋದಾಗ ಅಂಗಡಿಯವರನ್ನು ಬದಲಾಯಿಸಿ ಕೊಡಿ ಅಂತ ಕೇಳೋಕೆ ಮುಖ ಇರುತ್ತೆ.

ನಾಲ್ಕರಿಂದ ಏಳನೇ ದಿನ: ಎರಡು ಮೂರು ತಾಸು. ಅಂಗಡಿ ಇಟ್ಟವರು ಗಲ್ಲಾದಲ್ಲಿ ನಿಂತಾಗ, ಮನೆಯವರು ಸಂತೆಗೆ ಹೋದಾಗ ಹಾಕಬಹುದು. ಹಳೇ ಚಪ್ಪಲಿ ಚೀಲದಲ್ಲಿರಲಿ. ಉರಿ ಶುರುವಾದರೆ ಹಟ ಮಾಡದೆ ಬದಲಾಯಿಸಿ.

ಎರಡನೇ ವಾರ: ಡಾಂಬರ್ ರಸ್ತೆಯಲ್ಲಿ 2ರಿಂದ 3 ಕಿ.ಮೀ. ಆಮೇಲೆ ಮಣ್ಣು ರಸ್ತೆ, ಗದ್ದೆ ಬದು.

ಮೂರನೇ ವಾರ: ಬೆನ್ನಿಗೆ ಚೀಲ ಹಾಕಿ 5ರಿಂದ 8 ಕಿ.ಮೀ., ಏರು ಇಳಿಜಾರು ಇರುವ ಕಡೆ. ಭಾರ ಹೊತ್ತಾಗ ಪಾದ ಚಪ್ಪಟೆಯಾಗಿ ಅಗಲ ಆಗುತ್ತೆ, ಬರಿ ಮೈಯಲ್ಲಿ ಗೊತ್ತಾಗದ ಬಿಗಿ ಆಗ ಗೊತ್ತಾಗುತ್ತೆ.

ಇಷ್ಟಾದ ಮೇಲೂ ಒಂದೇ ಜಾಗದಲ್ಲಿ ಒತ್ತುತ್ತಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ತೋರಿಸಿ. ಚರ್ಮದ ಬೂಟಾದರೆ ಒಳಗೆ ಮರದ ಅಚ್ಚು ಕೂರಿಸಿ ಆ ಜಾಗವನ್ನಷ್ಟೇ ಹಿಗ್ಗಿಸಲು ಬರುತ್ತೆ.

ಹಳೇ ಕಾಲದ ಉಪಾಯಗಳು: ಯಾವುದು ಸರಿ, ಯಾವುದು ಬೇಡ?

*ಕೊಬ್ಬರಿ ಎಣ್ಣೆ ಹಚ್ಚೋದು:* ಚರ್ಮದ ಚಪ್ಪಲಿಯ ಅಂಚಿಗೆ ಬಟ್ಟೆಯಲ್ಲಿ ಒಂದು ಹನಿ ತಿಕ್ಕಿದರೆ ಮೆತ್ತಗಾಗುತ್ತೆ, ಪರವಾಗಿಲ್ಲ. ಬೂಟಿಗೆ ಸುರಿದರೆ ಚರ್ಮ ಜೋತು ಬೀಳುತ್ತೆ. ಸಿಂಥೆಟಿಕ್ ಬೂಟಿಗೆ ಹಚ್ಚಿ ಉಪಯೋಗ ಇಲ್ಲ.

*ಮೇಣದಬತ್ತಿ ತಿಕ್ಕೋದು:* ಹಿಮ್ಮಡಿ ತಾಗುವ ಅಂಚಿಗೆ ತಿಕ್ಕಿದರೆ ಜಾರುತ್ತೆ, ಸ್ವಲ್ಪ ಹೊತ್ತು ಅನುಕೂಲ. ಪೂರ್ತಿ ಪರಿಹಾರ ಅಲ್ಲ.

*ನೀರಲ್ಲಿ ನೆನೆಸಿ ಹಾಕಿಕೊಂಡು ಓಡಾಡೋದು:* ಹಿಂದಿನ ಕಾಲದ ಪೂರ್ತಿ ಚರ್ಮದ ಬೂಟಿಗೆ ನಡೀತಿತ್ತು. ಈಗಿನ ಅಂಟು ಹಾಕಿದ ಬೂಟಿಗೆ ಮಾಡಿದರೆ ಸೋಲ್ ಬಾಯಿ ಬಿಡುತ್ತೆ, ಒದ್ದೆ ಕಾಲಿಗೆ ಬೊಬ್ಬೆನೂ ಬರುತ್ತೆ.

*ಒಲೆ ಹತ್ತಿರ ಇಡೋದು:* ಬೇಡ. ಚರ್ಮ ಸೀಳುತ್ತೆ, ಅಂಟು ಕರಗುತ್ತೆ.

ಸಾಕ್ಸ್ ಮತ್ತು ಲೇಸು: ಕಡಿಮೆ ಖರ್ಚು, ಜಾಸ್ತಿ ಲಾಭ

ಹತ್ತಿ ಸಾಕ್ಸ್ ಬೆವರು ಹೀರಿ ಅಲ್ಲೇ ಇಟ್ಟುಕೊಳ್ಳುತ್ತೆ. ಬಹಳ ದೂರ ನಡೆಯೋರಿಗೆ ಪಾಲಿಯೆಸ್ಟರ್, ನೈಲಾನ್ ಬೆರೆಸಿದ್ದು ಅಥವಾ ಉಣ್ಣೆ ಸಾಕ್ಸ್ ಮೇಲು. ಉಣ್ಣೆ ಅಂದರೆ ಬರೀ ಚಳಿಗೆ ಅಲ್ಲ, ಒದ್ದೆಯಾದರೂ ಅದು ಚರ್ಮಕ್ಕೆ ಹತ್ತಿಯಷ್ಟು ಅಂಟೋದಿಲ್ಲ. ಇನ್ನೊಂದು ಉಪಾಯ, ಒಳಗೆ ತೆಳ್ಳನೆ ನೈಲಾನ್ ಸಾಕ್ಸ್, ಮೇಲೆ ದಪ್ಪನೇದು. ಆಗ ತಿಕ್ಕಾಟ ಎರಡು ಸಾಕ್ಸ್ ನಡುವೆ ಆಗುತ್ತೆ, ಚರ್ಮ ಉಳಿಯುತ್ತೆ. ಹೊಲಿಗೆ ಗೆರೆ ದಪ್ಪ ಇರುವ ಸಾಕ್ಸ್ ಬೇಡ, ಇನ್ನೊಂದು ಜೊತೆ ಚೀಲದಲ್ಲಿ ಯಾವಾಗಲೂ ಇರಲಿ.

ಲೇಸಿನಲ್ಲೂ ಅರ್ಧ ಸಮಸ್ಯೆ ಪರಿಹಾರ ಆಗುತ್ತೆ:

- ಹಿಮ್ಮಡಿ ಏಳುತ್ತಿದ್ದರೆ: ಮೇಲಿನ ಕೊನೆಯ ಎರಡು ತೂತಿನಲ್ಲಿ ಅದೇ ಬದಿಗೆ ಲೇಸು ಹಾಕಿ ಒಂದು ಕುಣಿಕೆ ಮಾಡಿ. ಎಡದ ಲೇಸನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದ ಕುಣಿಕೆಯಲ್ಲಿ ತೂರಿಸಿ ಬಿಗಿದು ಕಟ್ಟಿ. ಹಿಮ್ಮಡಿ ಗಟ್ಟಿಯಾಗಿ ಕೂರುತ್ತೆ.
- ಪಾದದ ಮೇಲ್ಭಾಗ ಒತ್ತುತ್ತಿದ್ದರೆ: ಆ ಜಾಗದಲ್ಲಿ ಲೇಸನ್ನು ಅಡ್ಡ ದಾಟಿಸಬೇಡಿ, ಎರಡೂ ಬದಿ ನೇರವಾಗಿ ಮೇಲಕ್ಕೆ ಒಯ್ದು ಮುಂದಿನ ತೂತಿನಿಂದ ಮತ್ತೆ ಅಡ್ಡ ಹಾಕಿ.
- ಇಳಿಜಾರು ಶುರುವಾಗೋ ಮುಂಚೆ: ನಿಂತು ಕಣಕಾಲಿನ ಹತ್ತಿರ ಲೇಸು ಬಿಗಿ ಮಾಡಿ. ಏರು ಹತ್ತುವಾಗ ಸ್ವಲ್ಪ ಸಡಿಲ ಇರಲಿ.

ಕಾಲುಗುರನ್ನು ನೇರಕ್ಕೆ ಕತ್ತರಿಸಿ. ಮೂಲೆ ಅಗೆದು ತೆಗೆದರೆ ಉಗುರು ಮಾಂಸದೊಳಗೆ ಬೆಳೆಯುತ್ತೆ.

ಉರಿ ಶುರುವಾದಾಗ ಮಾಡುವ ಕೆಲಸ

ಬೊಬ್ಬೆ ಏಳೋ ಮುಂಚೆ ಆ ಜಾಗ ಬಿಸಿ ಆಗಿ ಉರಿಯುತ್ತೆ. "ಇನ್ನೇನು ಊರು ಬಂತು" ಅಂತ ನಡೀತಾ ಹೋಗೋದೇ ದೊಡ್ಡ ತಪ್ಪು. ಅಲ್ಲೇ ಕೂತು, ಬೂಟು ಬಿಚ್ಚಿ, ಕಾಲು ಒರೆಸಿ, ಆ ಜಾಗಕ್ಕೆ ಪಟ್ಟಿ ಅಂಟಿಸಿ. ಮೆಡಿಕಲ್ ಅಂಗಡಿಯಲ್ಲಿ ಗಾಯಕ್ಕೆ ಹಾಕುವ ಕಾಗದದಂಥ ಬಿಳಿ ಟೇಪ್ ಸಿಗುತ್ತಲ್ಲ, ಅದೇ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರ ತಂಡ ಮರುಭೂಮಿಗಳಲ್ಲಿ ಹಲವು ದಿನ ಓಡುವ ಓಟಗಾರರ ಮೇಲೆ ಇದೇ ಟೇಪ್ ಪರೀಕ್ಷೆ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ಟೇಪ್ ಹಾಕಿದ ಜಾಗದಲ್ಲಿ ಬೊಬ್ಬೆ ಶೇ 40ರಷ್ಟು ಕಡಿಮೆ ಆಗಿತ್ತು. ಟೇಪ್ ತೆಳ್ಳಗಿರಬೇಕು, ಸುಕ್ಕು ಇರಬಾರದು, ಒಣ ಚರ್ಮದ ಮೇಲೆ ಹಾಕಬೇಕು.

ಬೊಬ್ಬೆ ಎದ್ದೇ ಬಿಟ್ಟರೆ:

1. ಚಿಕ್ಕದಾಗಿದ್ದು ನೋವಿಲ್ಲದಿದ್ದರೆ ಒಡೆಯಬೇಡಿ. ಮೇಲಿನ ಚರ್ಮವೇ ಒಳ್ಳೆ ಪಟ್ಟಿ.
2. ದೊಡ್ಡದಾಗಿ ನಡೆಯೋಕೇ ಆಗದಿದ್ದರೆ, ಕೈ ಮತ್ತು ಬೊಬ್ಬೆಯನ್ನು ಸಾಬೂನಿನಿಂದ ತೊಳೆದು, ಸ್ಪಿರಿಟ್‌ನಿಂದ ಒರೆಸಿದ ಹೊಸ ಸೂಜಿಯಿಂದ ಅಂಚಿನಲ್ಲಿ ಸಣ್ಣ ತೂತು ಮಾಡಿ ನೀರು ಬಿಡಿ. ಮೇಲಿನ ಚರ್ಮ ಕಿತ್ತು ಹಾಕಬೇಡಿ.
3. ಆ್ಯಂಟಿಸೆಪ್ಟಿಕ್ ಮುಲಾಮು ಹಚ್ಚಿ ಸ್ವಚ್ಛ ಬಟ್ಟೆ ಪಟ್ಟಿ ಕಟ್ಟಿ, ದಿನಾ ಬದಲಾಯಿಸಿ.
4. ಅರಿಶಿನ, ಸುಣ್ಣ, ಬೀಡಿ ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ.
5. ಸುತ್ತ ಕೆಂಪಾಗಿ ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ, ತೊಡೆ ಸಂದಿಯಲ್ಲಿ ಗಂಟು ಎದ್ದರೆ ತಡ ಮಾಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ.

ಸಕ್ಕರೆ ಕಾಯಿಲೆ ಇದ್ದವರು ಇದನ್ನು ಓದಲೇಬೇಕು

ಸಕ್ಕರೆ ಕಾಯಿಲೆ ಹಳೇದಾದಾಗ ಪಾದದ ನರಗಳ ಸ್ಪರ್ಶ ಕಡಿಮೆ ಆಗುತ್ತೆ. ಹೊಸ ಬೂಟು ಕಚ್ಚಿದ್ದು, ಒಳಗೆ ಸಣ್ಣ ಕಲ್ಲು ಸೇರಿದ್ದು ಗೊತ್ತೇ ಆಗೋದಿಲ್ಲ. ರಾತ್ರಿ ಸಾಕ್ಸ್‌ಗೆ ರಕ್ತ ಅಂಟಿರೋದನ್ನು ಮನೆಯವರು ನೋಡಿ ಹೇಳಬೇಕು. ರಕ್ತ ಸಂಚಾರವೂ ಕಡಿಮೆ ಇರೋದರಿಂದ ಸಣ್ಣ ಗಾಯ ಮಾಯೋದಿಲ್ಲ, ಕೊನೆಗೆ ಬೆರಳು ತೆಗೆಯುವ ಹಂತಕ್ಕೂ ಹೋಗಬಹುದು.

ಇಂಥವರು ಹೊಸ ಬೂಟನ್ನು ಮೊದಲು ಅರ್ಧ ತಾಸಷ್ಟೇ ಹಾಕಿ, ಬಿಚ್ಚಿ, ಪಾದ ನೋಡಿಕೊಳ್ಳಬೇಕು. ಎಲ್ಲಾದರೂ ಕೆಂಪು ಗುರುತು ಉಳಿದಿದ್ದರೆ ಆ ಬೂಟು ಸರಿ ಇಲ್ಲ. ಹಾಕುವ ಮುಂಚೆ ದಿನಾ ಒಳಗೆ ಕೈ ಹಾಕಿ ನೋಡಿ. ಅಂಗಾಲು ಕಾಣದಿದ್ದರೆ ಕನ್ನಡಿ ನೆಲಕ್ಕಿಟ್ಟು ನೋಡಿ, ಇಲ್ಲಾ ಮೊಮ್ಮಕ್ಕಳಿಗೆ ನೋಡೋಕೆ ಹೇಳಿ. ಬೊಬ್ಬೆಯನ್ನು ಮನೆಯಲ್ಲಿ ಚುಚ್ಚಬೇಡಿ, ಆಣಿಯನ್ನು ಬ್ಲೇಡಿನಿಂದ ಕೆರೆಯಬೇಡಿ. ಮೆಡಿಕಲ್‌ನಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಚರ್ಮ ಕರಗಿಸುವ ಆಮ್ಲ ಇರುತ್ತೆ, ಅದೂ ಬೇಡ. ಸ್ಪರ್ಶ ಕಡಿಮೆ ಇರುವವರಿಗೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಇರುತ್ತೆ, ಡಾಕ್ಟರ್ ಹತ್ತಿರ ಕೇಳಿ.

ಮಳೆಗಾಲ: ಜೋಯಿಡಾ ಬೇರೆ, ಹಳಿಯಾಳ ಬೇರೆ

ಘಟ್ಟದ ಅಂಚಿನ ಕ್ಯಾಸಲ್‌ರಾಕ್, ಅಣಶಿ, ಡಿಗ್ಗಿ ಕಡೆ ಮಳೆ ಹಿಡಿದರೆ ಬಿಡೋದಿಲ್ಲ. ಹಳಿಯಾಳ, ಮುಂಡಗೋಡ ಕಡೆ ಮಳೆ ಅಷ್ಟಿಲ್ಲ, ಆದರೆ ಗದ್ದೆ ಕೆಸರು ಇದೆ. ಎರಡೂ ಕಡೆಗೆ ಒಂದೇ ಬೂಟು ಆಗೋದಿಲ್ಲ.

ನೀರು ಹೋಗದ ಬೂಟು ಅಂತ ದುಬಾರಿ ಬೂಟು ತಗೊಂಡು ಮಳೆಗಾಲದ ಕಾಡಿಗೆ ಹೋದರೆ, ಹಳ್ಳ ದಾಟುವಾಗ ಮೇಲಿನಿಂದ ನೀರು ಒಳಗೆ ಬರುತ್ತೆ, ಹೊರಗೆ ಹೋಗೋದಿಲ್ಲ. ದಿನಕ್ಕೆ ನಾಲ್ಕು ಸಲ ಹಳ್ಳ ದಾಟೋರಿಗೆ ಬೇಗ ನೀರು ಬಸಿದು ಒಣಗುವ ಜಾಲರಿ ಶೂ ಅಥವಾ ಕ್ಯಾನ್ವಾಸ್ ಬೂಟೇ ವಾಸಿ. ಸೋಲ್‌ನಲ್ಲಿ ಆಳವಾದ ಗೆರೆ ಇರಲಿ, ಪಾಚಿ ಹಿಡಿದ ಕಲ್ಲಿನ ಮೇಲೆ ಯಾವ ಸೋಲನ್ನೂ ನಂಬಬೇಡಿ.

ದಿನಗಟ್ಟಲೆ ಕಾಲು ಒದ್ದೆ ಇದ್ದರೆ ಚರ್ಮ ಬೆಳ್ಳಗೆ ಸುಕ್ಕಾಗಿ ಮರಗಟ್ಟುತ್ತೆ. ಮೊದಲ ಮಹಾಯುದ್ಧದಲ್ಲಿ ಕಂದಕದ ನೀರಲ್ಲಿ ನಿಂತ ಸಾವಿರಾರು ಸೈನಿಕರು ಇದರಿಂದಲೇ ಕಾಲು ಕೆಡಿಸಿಕೊಂಡಿದ್ದರು. ಆಗ ಸೈನ್ಯ ಕಂಡುಕೊಂಡ ದಾರಿ ಇವತ್ತಿಗೂ ಅದೇ: ದಿನಾ ಬೂಟು ಬಿಚ್ಚಿ ಕಾಲು ಒರೆಸೋದು, ಒಣ ಸಾಕ್ಸ್ ಹಾಕೋದು. ಗಮ್ ಬೂಟು ಹಾಕಿ ಗದ್ದೆಗೆ ಹೋಗೋರೂ ಮಧ್ಯಾಹ್ನ ಊಟಕ್ಕೆ ಕೂತಾಗ ಹತ್ತು ನಿಮಿಷ ಕಾಲಿಗೆ ಗಾಳಿ ಕೊಡಿ. ಹೊರಗಿನ ನೀರು ಬರದಿದ್ದರೂ ಒಳಗಿನ ಬೆವರು ಅಲ್ಲೇ ಇರುತ್ತೆ, ಬೆರಳ ಸಂದಿ ಕೊಳೆಯೋದು ಅದರಿಂದಲೇ. ಹಾಗಂತ ಗಮ್ ಬೂಟು ಬಿಡಬೇಡಿ. ಕಾಲಲ್ಲಿ ಗಾಯ ಇಟ್ಟುಕೊಂಡು ಕೆಸರಿಗಿಳಿದರೆ ಇಲಿಜ್ವರ ಬರುವ ಸಾಧ್ಯತೆ ಇದೆ.

ಒದ್ದೆ ಬೂಟು ಒಣಗಿಸೋಕೆ ಒಳಗಿನ ಸೋಲ್ ತೆಗೆದು, ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗೆ ನೆರಳಲ್ಲಿಡಿ. ತಾಸಿಗೊಮ್ಮೆ ಪೇಪರ್ ಬದಲಾಯಿಸಿ. ಬೆಳಿಗ್ಗೆ ಹಾಕುವ ಮುಂಚೆ ತಲೆಕೆಳಗೆ ಮಾಡಿ ಕೊಡವಿ. ಚೇಳು, ಜರಿ, ಕಪ್ಪೆ ಬೂಟಿನೊಳಗೆ ಕೂರೋದು ನಮ್ಮ ಕಡೆ ಹೊಸದಲ್ಲ.

ಉಂಬಳ ಮತ್ತು ಉಣುಗು

ಉಂಬಳ ಹತ್ತಿದರೆ ಗಾಬರಿ ಬೇಡ. ಉಗುರಿನಿಂದ ಅದರ ಬಾಯಿ ಹತ್ತಿರ ಪಕ್ಕಕ್ಕೆ ಸರಿಸಿದರೆ ಬಿಡುತ್ತೆ. ಬೆಂಕಿಕಡ್ಡಿ ಹಚ್ಚಬೇಡಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರೋದರಿಂದ ಸ್ವಲ್ಪ ಹೊತ್ತು ರಕ್ತ ನಿಲ್ಲೋದಿಲ್ಲ, ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸೋದು ಸುಲಭದ ರಕ್ಷಣೆ.

ಉಣುಗಿನ ವಿಷಯ ಹಗುರ ಅಲ್ಲ. ಮಂಗನ ಕಾಯಿಲೆ ಹರಡೋದು ಇದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಹಲವು ಸಲ ಕಾಣಿಸಿಕೊಂಡಿದೆ. ಬೇಸಿಗೆಯಲ್ಲಿ ಸೌದೆ, ದರಗಿಗೆ ಕಾಡಿಗೆ ಹೋಗೋರು ಉದ್ದ ಸಾಕ್ಸ್, ಮುಚ್ಚಿದ ಬೂಟು ಹಾಕಬೇಕು, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಬೇಕು, ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ ಮಾಡಿ ಬಟ್ಟೆ ತೊಳೆಯಬೇಕು. ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರ್‌ಗೆ ಹೇಳಿ.

ಉಳವಿ ಪಾದಯಾತ್ರಿಗಳಿಗೆ

ಭರತ ಹುಣ್ಣಿಮೆ ಸುಮಾರಿಗೆ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಬೆಳಗಾವಿ, ಧಾರವಾಡ ಕಡೆಯಿಂದ ಚಕ್ಕಡಿ ಜೊತೆ ನಡೆದು ಬರೋರು ನಮ್ಮ ರಸ್ತೆಗಳಲ್ಲೇ ಸಾಗ್ತಾರೆ. ಚಪ್ಪಲಿ ಹಾಕಿ ನಡೆಯೋರು ಯಾತ್ರೆಗೆ ಅಂತಲೇ ಹೊಸದು ತಗೋಬೇಡಿ. ತಗೊಂಡರೆ ತಿಂಗಳ ಮುಂಚೆ ತಗೊಂಡು ಹಾಕಿ ಓಡಾಡಿ. ಹರಕೆ ಹೊತ್ತು ಬರಿಗಾಲಲ್ಲಿ ನಡೆಯೋರು ಎರಡು ಮೂರು ವಾರ ಮೊದಲೇ ದಿನಾ ಸ್ವಲ್ಪ ಸ್ವಲ್ಪ ಬರಿಗಾಲಲ್ಲಿ ನಡೆದು ಅಂಗಾಲು ಗಟ್ಟಿ ಮಾಡಿಕೊಳ್ಳಿ. ಡಾಂಬರ್ ಕಾಯೋ ಮುಂಚೆ, ಬೆಳಗಿನ ಜಾವ ಜಾಸ್ತಿ ದಾರಿ ಸವೆಸಿ. ರಾತ್ರಿ ತಂಗಿದಲ್ಲಿ ಕಾಲು ತೊಳೆದು, ಒರೆಸಿ, ಮುಳ್ಳು ಇದೆಯಾ ನೋಡಿ, ಕಾಲನ್ನು ಗಂಟಿನ ಮೇಲೆ ಎತ್ತರಕ್ಕಿಟ್ಟು ಮಲಗಿ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲ ಹರಕೆ ಹೊರುವ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ.

ಅಂಗಡಿಯವರ ಗಮನಕ್ಕೆ

ಹಳೇ ಸ್ಟಾಕ್: ಪಿಯು ಸೋಲ್ ಇರುವ ಬೂಟು ಹಾಕದೇ ಇಟ್ಟರೂ ಕೆಡುತ್ತೆ. ಗಾಳಿಯ ತೇವ ಸೋಲ್‌ನ ರಾಸಾಯನಿಕ ಬಂಧವನ್ನೇ ಮುರಿಯುತ್ತೆ. ಕೆಲವು ವರ್ಷ ಗೋದಾಮಿನಲ್ಲಿದ್ದ ಜೊತೆ ಹೊರಗೆ ಹೊಸದರ ಹಾಗೇ ಕಾಣುತ್ತೆ, ಗಿರಾಕಿ ಹಾಕಿ ಎರಡು ಮೈಲಿ ನಡೆದಾಗ ಸೋಲ್ ಬೆಲ್ಲದ ಹಾಗೆ ಉದುರುತ್ತೆ. ನಮ್ಮ ಮಳೆಗಾಲದ ತೇವದಲ್ಲಿ ಇದು ಇನ್ನೂ ಬೇಗ. ಮೊದಲು ಬಂದ ಮಾಲು ಮೊದಲು ಮಾರಿ, ಡಬ್ಬಿ ಗೋಡೆಗೆ ತಾಗಿಸಿ ಇಡಬೇಡಿ. ಗಿರಾಕಿಗಳೂ ಡಬ್ಬಿ ಮೇಲಿನ ತಯಾರಾದ ತಿಂಗಳು, ವರ್ಷ ಓದಿ. ಸೋಲ್‌ಗೆ ಉಗುರು ಒತ್ತಿ ನೋಡಿ, ಪುಡಿ ಬಂದರೆ ಬೇಡ ಅನ್ನಿ.

ತೆರಿಗೆ: 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಮೊದಲು 1,000 ರೂಪಾಯಿವರೆಗೆ ಶೇ 12, ಮೇಲೆ ಶೇ 18 ಇತ್ತು.

ವಾಪಸ್ ವಿಚಾರ: ನಂಬರ್ ಸರಿ ಬಂದಿಲ್ಲ ಅಂತ ಬದಲಾಯಿಸಿ ಕೊಡೋದು ಅಂಗಡಿಯವರ ಒಳ್ಳೆತನ. ಆದರೆ ಮಾಲಿನಲ್ಲೇ ದೋಷ ಇದ್ದರೆ ಮಾತು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳಿಲ್ಲದಿದ್ದರೆ 30 ದಿನದೊಳಗೆ, ದೋಷ ಇರುವ ಮಾಲು ವಾಪಸ್ ತಗೊಳ್ಳೋದಿಲ್ಲ ಅನ್ನೋದು ಅನುಚಿತ ವ್ಯಾಪಾರ ಪದ್ಧತಿ. ಗೋಡೆ ಮೇಲೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬರೆದರೂ ಇದು ತಪ್ಪೋದಿಲ್ಲ. ಗ್ರಾಹಕರು ಬಿಲ್ ಕೇಳಿ ತಗೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಏನು ಇಡಬಹುದು: ಬೂಟು ಮಾರುವ ಕಡೆಯೇ ಕಾಗದದ ಟೇಪ್, ನೈಲಾನ್ ಸಾಕ್ಸ್, ಇನ್ನೊಂದು ಜೊತೆ ಲೇಸು, ಒಳ ಸೋಲ್ ಇಟ್ಟರೆ ಗಿರಾಕಿಗೂ ಅನುಕೂಲ, ನಿಮಗೂ ವ್ಯಾಪಾರ. ಹೋಮ್‌ಸ್ಟೇ ಇಟ್ಟವರ ಹತ್ತಿರ ಇವೆಲ್ಲ ಒಂದು ಡಬ್ಬಿಯಲ್ಲಿ ಇರಲಿ. ಹೊಸ ಶೂ ಹಾಕಿಕೊಂಡು ಬಸ್ ಇಳಿಯುವ ಪ್ರವಾಸಿಗರು ಪ್ರತಿ ಶನಿವಾರ ಬರ್ತಾರೆ.

ಕೊನೆಗೆ ಎರಡು ಮಾತು

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಚಾರಣ ಮಾಡುವಂತಿಲ್ಲ. ಕ್ಯಾಸಲ್‌ರಾಕ್‌ನಿಂದ ದೂಧಸಾಗರಕ್ಕೆ ರೈಲು ಹಳಿ ಮೇಲೆ ನಡೆಯೋದೂ ಅಪರಾಧ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ 1,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಮುಂದಿನ ವಾರ ಕಾಡಿಗೆ ಅಥವಾ ಯಾತ್ರೆಗೆ ಹೊರಟಿದ್ದು ಕೈಯಲ್ಲಿ ಹೊಸ ಬೂಟು ಇದ್ದರೆ, ಅದನ್ನು ಮನೆಯಲ್ಲೇ ಬಿಟ್ಟು ಹಳೇ ಬೂಟಿಗೆ ಹೊಲಿಗೆ ಹಾಕಿಸಿಕೊಂಡು ಹೋಗಿ. ಹೊಸದು ಪಳಗಿದ ಮೇಲೆ ಮುಂದಿನ ಸಲಕ್ಕೆ ಆಗುತ್ತೆ.